ಮಳೆಗಾಲದ ಬ್ರೆಡ್ಡಿಗೆ ಮುಚ್ಚಳ ತೆಗೆದು ನೋಡಬೇಕು

ಜುಲೈ 12, 2025, ಶನಿವಾರ
ತೀರ್ಥಹಳ್ಳಿ ಹತ್ತಿರ, ನಮ್ಮನೆ

ಪುನರ್ವಸು ಮಳೆ ಬಿಡುವೇ ಕೊಡದೆ ಹೊಡೆಯುತ್ತಿದೆ. ಉಪ್ಪಿನ ಭರಣಿಯಲ್ಲಿ ನೀರಾಡಿದೆ, ಹಪ್ಪಳ ಮೆತ್ತಗಾಗಿದೆ. ಮೈದಾ ಡಬ್ಬಿ ಮಾತ್ರ ನೋಡುವುದಕ್ಕೆ ಮೊದಲಿನ ಹಾಗೇ ಇದೆ. ಆದರೆ ಅದೂ ತೇವ ಕುಡಿದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಬೆಳಿಗ್ಗೆ ಸಾಗರದಿಂದ ಚಿಕ್ಕಮ್ಮನ ಫೋನ್ ಬಂತು. ಅವರ ಬ್ರೆಡ್ ಮಷಿನ್ ಬಗ್ಗೆ, ಅಂದರೆ ಹಿಟ್ಟು ನಾದಿ, ಉಬ್ಬಿಸಿ, ಬೇಯಿಸುವುದನ್ನೆಲ್ಲ ತಾನೇ ಮಾಡುವ ಯಂತ್ರದ ಬಗ್ಗೆ.

"ಬೇಸಿಗೆಯಲ್ಲಿ ಎಷ್ಟು ಚೆಂದ ಬರ್ತಿತ್ತು ಮಾರಾಯ್ತಿ. ಈಗ ನೋಡಿದ್ರೆ ನಡುವೆ ಗುಂಡಿ ಬೀಳ್ತದೆ. ಮಷಿನ್ ಹಾಳಾಯ್ತೋ ಏನೋ."

"ನೀರು ಎಷ್ಟು ಹಾಕ್ತೀರಿ ಚಿಕ್ಕಮ್ಮ?"

"ಪುಸ್ತಕದಲ್ಲಿ ಇದ್ದಷ್ಟೇ. ಒಂದು ಹನಿ ಹೆಚ್ಚಿಲ್ಲ."

"ಹಿಟ್ಟು ನಾದುವಾಗ ಮುಚ್ಚಳ ತೆಗೆದು ನೋಡಿದ್ರಾ?"

"ಅಯ್ಯೋ, ತೆಗೀಬಾರದು ಅಲ್ವಾ?"

ತೆಗೆಯಬಹುದು. ಈ ಮಳೆಯಲ್ಲಂತೂ ತೆಗೆಯಲೇಬೇಕು. ಉಬ್ಬುವಾಗ ಮತ್ತು ಬೇಯುವಾಗ ತೆಗೆಯಬಾರದು, ಒಳಗಿನ ಬಿಸಿ ಹೊರಗೆ ಹೋಗುತ್ತದೆ. ಮೊದಲು ನಾದುವ ಹೊತ್ತಿನಲ್ಲಿ ಏನೂ ತೊಂದರೆ ಇಲ್ಲ. ಶುರುವಾಗಿ ಐದಾರು ನಿಮಿಷಕ್ಕೆ ಇಣುಕಿ ನೋಡಿದರೆ ಹಿಟ್ಟು ಒಂದೇ ಉಂಡೆಯಾಗಿ, ಪಾತ್ರೆಯ ಗೋಡೆಗೆ ಅಂಟದೆ ತಿರುಗುತ್ತಿರಬೇಕು. ಮುಟ್ಟಿದರೆ ಚಪಾತಿ ಹಿಟ್ಟಿಗಿಂತ ಮೆತ್ತಗಿರಬೇಕು, ಬೆರಳಿಗೆ ಸ್ವಲ್ಪ ಹಿಡಿದು ಬಿಡಬೇಕು. ತಳದಲ್ಲಿ ಕೆಸರಿನ ಹಾಗೆ ಹರಡಿದ್ದರೆ ಒಂದು ಚಮಚ ಮೈದಾ ಹಾಕಿ. ಉಂಡೆ ಗಟ್ಟಿಯಾಗಿ ಪಾತ್ರೆಗೆ ಬಡಿಯುತ್ತಿದ್ದರೆ ಒಂದು ಚಮಚ ನೀರು. ಒಂದೆರಡು ನಿಮಿಷ ಬಿಟ್ಟು ಮತ್ತೆ ನೋಡಿ. ಚಮಚಗಟ್ಟಲೆ ಒಟ್ಟಿಗೇ ಸುರಿಯಬೇಡಿ.

ಚಿಕ್ಕಮ್ಮನ ಬ್ರೆಡ್ಡಿನಲ್ಲಿ ಗುಂಡಿ ಬೀಳುವುದು ಇದರಿಂದಲೇ ಎಂದು ನನಗನಿಸುತ್ತದೆ. ನೀರು ಜಾಸ್ತಿಯಾದರೆ ಹಿಟ್ಟು ಬೇಗ ಬೇಗ ಉಬ್ಬುತ್ತದೆ, ಆದರೆ ಮೇಲೆ ಹೋದದ್ದನ್ನು ಹಿಡಿದು ನಿಲ್ಲಿಸುವ ಗಟ್ಟಿತನ ಅದಕ್ಕೆ ಇರುವುದಿಲ್ಲ. ಬೇಯಲು ಶುರುವಾಗುತ್ತಿದ್ದಂತೆ ನಡುವೆ ಕುಸಿಯುತ್ತದೆ. ಮಷಿನ್‌ನದೇನೂ ತಪ್ಪಿಲ್ಲ. ಅದು ಗಡಿಯಾರ ನೋಡಿಕೊಂಡು ಕೆಲಸ ಮಾಡುತ್ತದೆ, ಹಿಟ್ಟು ನೋಡಿಕೊಂಡು ಅಲ್ಲ. ಪುಸ್ತಕ ಬರೆದವರ ಅಡುಗೆಮನೆಯಲ್ಲಿ ಆಗುಂಬೆ ಕಡೆಯ ಮಳೆ ಸುರಿಯುತ್ತಿರಲಿಲ್ಲ.

ಈ ಮಷಿನ್ ಹುಟ್ಟಿದ ಕತೆ ನನಗೆ ಬಹಳ ಇಷ್ಟ. 1980ರ ದಶಕದಲ್ಲಿ ಜಪಾನಿನ ಮತ್ಸುಶಿತಾ ಕಂಪನಿ, ಅಂದರೆ ಈಗಿನ ಪ್ಯಾನಸಾನಿಕ್, ಮನೆಯಲ್ಲೇ ಬ್ರೆಡ್ ಮಾಡುವ ಯಂತ್ರಕ್ಕೆ ಕೈಹಾಕಿತು. ಮೊದಮೊದಲು ಬ್ರೆಡ್ಡಿನ ಹೊರಗೆ ಕಪ್ಪು, ಒಳಗೆ ಹಸಿ. ಆಗ ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಇಕುಕೋ ತನಾಕಾ ಎಂಬ ಹೆಣ್ಣುಮಗಳು ಒಸಾಕಾದ ಹೋಟೆಲೊಂದಕ್ಕೆ ಹೋಗಿ, ಅಲ್ಲಿನ ಮುಖ್ಯ ಬೇಕರಿ ಕೆಲಸಗಾರರ ಪಕ್ಕದಲ್ಲಿ ನಿಂತು ನಾದುವುದನ್ನು ಕಲಿತರು. ಅವರು ಹಿಟ್ಟನ್ನು ಸುಮ್ನೆ ಎಳೆಯುವುದಿಲ್ಲ, ತಿರುಚುತ್ತಾ ಎಳೆಯುತ್ತಾರೆ ಎಂದು ಗುರುತಿಸಿದ್ದು ಆಕೆ. ಅದನ್ನೇ ಯಂತ್ರಕ್ಕೆ ತರಲು ಒಳಗೆ ಉಬ್ಬು ಗೆರೆಗಳನ್ನು ಕೊಟ್ಟರು. ಆ ಕೈಗಳ ಕೆಲಸ ನಮ್ಮ ಮನೆ ತನಕ ಬಂದಿದೆ. ಆದರೆ ಆ ಬೇಕರಿಯವರು ನಾದುತ್ತಲೇ ಹಿಟ್ಟಿನ ಹದ ನೋಡಿಕೊಳ್ಳುತ್ತಿದ್ದರಲ್ಲ, ಆ ಕೆಲಸ ನಮ್ಮ ಪಾಲಿಗೆ ಉಳಿದಿದೆ.

ಮಳೆಗಾಲಕ್ಕೆ ನಾನು ಹಾಕುವ ಅಳತೆ ಹೀಗೆ. ಮೈದಾ 250 ಗ್ರಾಂ, ಗೋಧಿ ಹಿಟ್ಟು 150 ಗ್ರಾಂ, ನೀರು 240 ಗ್ರಾಂ. ಬೇಸಿಗೆಯಲ್ಲಿ ಇದೇ ಹಿಟ್ಟಿಗೆ 260 ಬೇಕಾಗುತ್ತದೆ. ಉಪ್ಪು 7 ಗ್ರಾಂ, ಇನ್‌ಸ್ಟಂಟ್ ಈಸ್ಟ್ 4 ಗ್ರಾಂ, ಬೆಣ್ಣೆ 20 ಗ್ರಾಂ. ಸಕ್ಕರೆ ಬದಲು ಒಂದು ದೊಡ್ಡ ಚಮಚ ಜೋನಿ ಬೆಲ್ಲ, ಅಂದರೆ ಪಾಕದ ಹಾಗೆ ತೆಳ್ಳಗಿರುವ ಬೆಲ್ಲ. ಬಣ್ಣವೂ ಬರುತ್ತದೆ, ಘಮವೂ ಬರುತ್ತದೆ. ಅದರಲ್ಲೂ ನೀರಿನ ಅಂಶ ಇರುತ್ತದೆ ಅನ್ನುವುದು ಲೆಕ್ಕದಲ್ಲಿರಲಿ. ಎಲ್ಲವನ್ನೂ ತೂಕ ಮಾಡಿಯೇ ಹಾಕಿ. ಕಪ್ಪಿನಲ್ಲಿ ಅಳೆದರೆ, ಒತ್ತಿ ತುಂಬಿದ ಮೈದಾಕ್ಕೂ ಉದುರಿಸಿ ತುಂಬಿದ್ದಕ್ಕೂ 20-30 ಗ್ರಾಂ ವ್ಯತ್ಯಾಸ ಬರುತ್ತದೆ. ಮೂರು ಕಪ್ಪಿಗೆ ಎಷ್ಟಾಯಿತು ನೋಡಿ. ಮಷಿನ್ ಕೊಂಡವರು ಮರುದಿನವೇ ಒಂದು ಅಡುಗೆಮನೆ ತಕ್ಕಡಿ ಕೊಳ್ಳಬೇಕು. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ನಮ್ಮ ಮಷಿನ್‌ಗೆ ನೀರು ಮೊದಲು, ಆಮೇಲೆ ಹಿಟ್ಟು, ಹಿಟ್ಟಿನ ನಡುವೆ ಸಣ್ಣ ಕುಳಿ ಮಾಡಿ ಈಸ್ಟ್. ಉಪ್ಪು ಮೂಲೆಗೆ.

ಪೂರ್ತಿ ಗೋಧಿ ಹಿಟ್ಟಿನದೇ ಬೇಕು ಎನ್ನುವವರು ಬಹಳ ಜನ. ಆಗುತ್ತದೆ, ಆದರೆ ಮೈದಾದಷ್ಟು ಎತ್ತರ ಬರುವುದಿಲ್ಲ. ಗೋಧಿಯ ತೌಡು ಹಿಟ್ಟಿನ ಜಿಗುಟನ್ನು ಅಲ್ಲಲ್ಲಿ ಕತ್ತರಿಸುತ್ತದೆ. ಗಿರಣಿಯ ಕಲ್ಲಿನಲ್ಲಿ ನುಣ್ಣಗೆ ಬೀಸಿದ ಹಿಟ್ಟು ನೀರನ್ನೂ ಜಾಸ್ತಿ ಕುಡಿಯುತ್ತದೆ. ಹಾಗಾಗಿ ನೀರು ಹೆಚ್ಚು ಕೊಡಬೇಕು, ನೆನೆಯಲು ಸಮಯವನ್ನೂ ಕೊಡಬೇಕು. ಬರೀ ಹಿಟ್ಟು, ನೀರು ಹಾಕಿ ಐದು ನಿಮಿಷ ತಿರುಗಿಸಿ, ನಿಲ್ಲಿಸಿ, ಅರ್ಧ ಗಂಟೆ ಹಾಗೇ ಬಿಡಿ. ಆಮೇಲೆ ಉಳಿದದ್ದೆಲ್ಲ ಹಾಕಿ ಮೊದಲಿಂದ ಶುರುಮಾಡಿ. ತೌಡು ಮೆತ್ತಗಾಗಿರುತ್ತದೆ, ಬ್ರೆಡ್ಡು ಪುಡಿಪುಡಿಯಾಗುವುದಿಲ್ಲ. ಆ ರುಚಿ ಮೈದಾಕ್ಕೆ ಎಲ್ಲಿಂದ ಬರಬೇಕು?

ಈಸ್ಟ್ ವಿಷಯ. ಶಿವಮೊಗ್ಗಕ್ಕೆ ಹೋದಾಗ ಗಾಂಧಿಬಜಾರಿನಿಂದ ತಂದು, ಪ್ಯಾಕೆಟ್ ಒಡೆದ ಕೂಡಲೇ ಒಣ ಗಾಜಿನ ಬಾಟಲಿಗೆ ಹಾಕಿ ಫ್ರೀಜರಿನಲ್ಲಿಡುತ್ತೇನೆ. ಈ ಹವೆಯಲ್ಲಿ ಹೊರಗಿಟ್ಟರೆ ಬೇಗ ಕೆಡುತ್ತದೆ. ಅನುಮಾನ ಬಂದರೆ ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಸಕ್ಕರೆ, ಅರ್ಧ ಚಮಚ ಈಸ್ಟ್ ಹಾಕಿ ನೋಡಿ. ಹತ್ತು ನಿಮಿಷದಲ್ಲಿ ನೊರೆ ಬರದಿದ್ದರೆ ಅದನ್ನು ಕೈಬಿಡಿ.

ಇವತ್ತು ಮಧ್ಯಾಹ್ನ ಎರಡನೇ ಸಲ ಉಬ್ಬುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಎಲ್ಲೋ ತಂತಿಯ ಮೇಲೆ ಮರ ಬಿದ್ದಿರಬೇಕು. ನಮ್ಮ ಕಡೆ ಇದು ಮಳೆಗಾಲದ ಮಾಮೂಲು. ಕೆಲವು ಮಷಿನ್‌ಗಳು ನಾಲ್ಕೈದು ನಿಮಿಷದ ಕಡಿತವನ್ನು ತಡೆದುಕೊಂಡು ಬಿಟ್ಟಲ್ಲಿಂದ ಮುಂದುವರಿಸುತ್ತವೆ, ಗಂಟೆಗಟ್ಟಲೆ ಹೋದರೆ ಇಲ್ಲ. ಇನ್ವರ್ಟರ್ ಇದ್ದರೆ ನಾದುವುದು ಕಷ್ಟವಲ್ಲ, ಆ ಮೋಟರ್ ಹೆಚ್ಚು ಎಳೆಯುವುದಿಲ್ಲ. ಬೇಯಿಸುವ ಕಾಯಿಲ್ 500-600 ವ್ಯಾಟ್ ಎಳೆಯುತ್ತದೆ, ಬ್ಯಾಟರಿ ಬೇಗ ಖಾಲಿ.

ಅತ್ತೆ ಕೇಳಿದರು, "ಈಗ ಅದನ್ನ ಏನ್ ಮಾಡ್ತೀಯೆ? ದೋಸೆ ಹುಯ್ಯೋದಾ?"

"ಇಲ್ಲ ಅತ್ತೆ, ಆ ದಪ್ಪ ತಳದ ಪಾತ್ರೆ ಕೊಡಿ."

ಪಾತ್ರೆಯ ತಳಕ್ಕೆ ಒಂದು ಪದರ ಕಲ್ಲುಪ್ಪು ಹರಡಿ, ಮೇಲೆ ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿದೆವು. ಹಿಟ್ಟಿಗೆ ಚುಚ್ಚಿಕೊಂಡಿದ್ದ ಮಷಿನ್‌ನ ನಾದುವ ರೆಕ್ಕೆ ತೆಗೆದು, ಉಂಡೆ ಕಟ್ಟಿ, ತುಪ್ಪ ಸವರಿದ ಸ್ಟೀಲ್ ಡಬ್ಬದಲ್ಲಿ ಉಬ್ಬಲು ಬಿಟ್ಟೆ. ದುಪ್ಪಟ್ಟಾದ ಮೇಲೆ ಒಳಗಿಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದೆವು. ಮೇಲುಭಾಗ ಬೆಳ್ಳಗೇ ಉಳಿಯಿತು, ತಳ ಮತ್ತು ಪಕ್ಕ ಚೆನ್ನಾಗಿ ಕೆಂಪಾಯಿತು. ಒಳಗೆ ಹತ್ತಿಯ ಹಾಗೆ ಮೆತ್ತಗಿತ್ತು. ಅತ್ತೆಯೇ ಎರಡನೇ ತುಂಡು ಕೇಳಿ ತಿಂದರು. ಕಾವಲಿಯಲ್ಲಿ ತುಪ್ಪ ಹಾಕಿ ಕಾಯಿಸಿ, ಪಕ್ಕದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ.

ಮಷಿನ್‌ನಲ್ಲೇ ಬೇಯಿಸಿದ್ದಾದರೆ ಪೀ ಪೀ ಎಂದ ಕೂಡಲೇ ಬ್ರೆಡ್ಡನ್ನು ಹೊರಗೆ ತೆಗೆಯಬೇಕು. ಒಳಗೇ ಬಿಟ್ಟರೆ ಹಬೆ ನೀರಾಗಿ ಪಕ್ಕವೆಲ್ಲ ಒದ್ದೆ. ಜಾಲರಿಯ ಮೇಲಿಟ್ಟು ಒಂದು ಗಂಟೆಯಾದರೂ ಆರಲಿ, ಆಮೇಲೆ ಗರಗಸದ ಹಲ್ಲಿನ ಚಾಕುವಿನಲ್ಲಿ ಕೊಯ್ಯಿರಿ. ಬಿಸಿಯಲ್ಲಿ ಕೊಯ್ದರೆ ಒಳಗೆಲ್ಲ ಅಂಟಂಟು. ಮಕ್ಕಳು ಕಾಯುವುದಿಲ್ಲ, ನಿಜ. ಅವರಿಗೆ ತುದಿಯ ತುಂಡು ಕೊಟ್ಟು ಸಮಾಧಾನ ಮಾಡಿ.

ಇನ್ನು ಇಡುವುದು. ಅಂಗಡಿ ಬ್ರೆಡ್ಡಿಗೆ ಬೂಸ್ಟು ಬರದಂತೆ ಏನೇನೋ ಹಾಕಿರುತ್ತಾರೆ, ನಮ್ಮದಕ್ಕೆ ಅದಿಲ್ಲ. ಈ ಮಳೆಯಲ್ಲಿ ಹೊರಗಿಟ್ಟರೆ ಎರಡು ದಿನ ದಾಟುವುದು ಕಷ್ಟ. ಫ್ರಿಜ್ಜಿನ ಕೆಳಗಿನ ಭಾಗದಲ್ಲಿಟ್ಟರೆ ಬೂಸ್ಟು ಬರುವುದು ನಿಧಾನ, ಆದರೆ ಬೇಗ ಗಟ್ಟಿಯಾಗಿಬಿಡುತ್ತದೆ. ಆರಿದ ಮೇಲೆ ಕೊಯ್ದು, ಕವರಿನಲ್ಲಿ ಬಿಗಿಯಾಗಿ ಸುತ್ತಿ ಫ್ರೀಜರಿಗೆ ಹಾಕುವುದೇ ಒಳ್ಳೆಯದು. ಬೇಕಾದಾಗ ಎರಡು ತುಂಡು ತೆಗೆದು ನೇರ ಕಾವಲಿಗೆ ಹಾಕಿದರೆ ಆಯಿತು.