ಲಿಪಿಕಾರಳಾಗಿದ್ದ ಆ ವರ್ಷ

2019ರ ಮಾರ್ಚ್‌ನಲ್ಲಿ ನಾನು ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆದೆ. ಆಗ ನಾನಿನ್ನೂ ಒಂಬತ್ತನೆಯ ತರಗತಿ. ಪರೀಕ್ಷೆ ಹತ್ತನೆಯ ತರಗತಿಯ ಒಬ್ಬ ಅಣ್ಣನದು, ನಾನು ಅವನ ಲಿಪಿಕಾರಳು, ಅಂದರೆ ಅವನು ಹೇಳಿದ್ದನ್ನು ಬರೆದುಕೊಡುವವಳು. ಶಾಲೆಯ ಸಂಚಿಕೆಗೆ ನೆನಪುಗಳನ್ನು ಬರೆದುಕೊಡು ಎಂದು ಮುಖ್ಯೋಪಾಧ್ಯಾಯರು ಫೋನ್ ಮಾಡಿದಾಗ ಕ್ರೀಡಾಕೂಟ, ಪ್ರವಾಸ, ಪ್ರತಿಭಾ ಕಾರಂಜಿ ಎಲ್ಲವೂ ಕಣ್ಣ ಮುಂದೆ ಬಂದವು. ಬರೆಯಲೇಬೇಕು ಅನ್ನಿಸಿದ್ದು ಇದೊಂದೇ.

ಅಣ್ಣನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಆ ವರ್ಷ ಜೊತೆಗಿದ್ದವರಿಗೆ ಗೊತ್ತು.

ಅವನ ತಂದೆಯದು ಮೋಟಾರು ರಿವೈಂಡಿಂಗ್ ಅಂಗಡಿ. ಮಿಕ್ಸಿಯ ಕಾರ್ಬನ್ ಬ್ರಷ್ ಸವೆದಿದೆಯೇ ಇಲ್ಲವೇ ಎಂಬುದನ್ನು ಒಳಗೆ ಹಾರುವ ಕಿಡಿ ನೋಡಿಯೇ ಅವನು ಹೇಳುತ್ತಿದ್ದ. ಅದೇ ಹುಡುಗ ಪಾಠದ ಪುಸ್ತಕದ ನಾಲ್ಕು ಸಾಲು ಓದುವಷ್ಟರಲ್ಲಿ ಬೆವರುತ್ತಿದ್ದ. ಪ್ರಾಥಮಿಕ ಶಾಲೆಯಲ್ಲಿ ತಪ್ಪಿದ ಪದಗಳನ್ನು ಐವತ್ತೈವತ್ತು ಸಲ ಬರೆಸುತ್ತಿದ್ದರಂತೆ. ಐವತ್ತು ಸಲವೂ ತಪ್ಪಾಗಿಯೇ ಬರೆದು, ಅದಕ್ಕೂ ಪೆಟ್ಟು ತಿಂದು, ಕೊನೆಗೆ ಹಿಂದಿನ ಬೆಂಚು ಸೇರಿದ್ದ.

ಕನ್ನಡ ಬರೆದಂತೆ ಓದುವ ಭಾಷೆ, ಅದರಲ್ಲೇನು ಕಷ್ಟ ಎನ್ನುವವರು ಇಂದಿಗೂ ಸಿಗುತ್ತಾರೆ. ಅಂಥವರು 'ಸೂರ್ಯ' ಎಂಬ ಪದವನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಬಾಯಲ್ಲಿ ಯಕಾರಕ್ಕಿಂತ ಮೊದಲು ಬರುವ ರಕಾರ ಹಾಳೆಯ ಮೇಲೆ ಯಕಾರದ ಬಲಕ್ಕೆ ಕೊಕ್ಕೆಯಾಗಿ ನಿಲ್ಲುತ್ತದೆ. ತ, ನ, ಮ, ಯ, ರ, ಲ ಒತ್ತಕ್ಷರವಾದ ಕೂಡಲೇ ತಮ್ಮ ರೂಪವನ್ನೇ ಬದಲಿಸಿಕೊಳ್ಳುತ್ತವೆ. ಪಕಾರದ ಒಳಗೊಂದು ಗೆರೆ ಎಳೆದರೆ ಷಕಾರ. ದಕಾರವನ್ನು ಕೆಳಗೆ ಸೀಳಿದರೆ ಧಕಾರ, ಅದರೊಳಗೆ ಚುಕ್ಕಿ ಬಿದ್ದರೆ ಥಕಾರ. ನಮಗೆ ಇವೆಲ್ಲ ಒಂದು ನೋಟಕ್ಕೆ ದಕ್ಕುತ್ತವೆ. ಅವನು ಪ್ರತಿಯೊಂದನ್ನೂ ಬಿಚ್ಚಿ ಜೋಡಿಸಬೇಕಿತ್ತು, ಸಾಲಿನ ಕೊನೆಗೆ ಬರುವಾಗ ಸಾಲಿನ ಆರಂಭ ಮರೆತಿರುತ್ತಿತ್ತು.

ಬಾಯಲ್ಲಿ ಸರಿ ಉತ್ತರ ಹೇಳುವವನು ಹಾಳೆಯಲ್ಲಿ ಏಕೆ ಸೋಲುತ್ತಾನೆ ಎಂದು ಮೊದಲು ಕೇಳಿದವರು ನಮ್ಮ ವಿಜ್ಞಾನದ ಮೇಷ್ಟ್ರು. ಬ್ಲಾಕ್‌ನ ವಿಶೇಷ ಸಂಪನ್ಮೂಲ ಶಿಕ್ಷಕಿಯನ್ನು ಕರೆಸಿದವರೂ ಅವರೇ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಆಯಿತು, ಓದು ಬರಹಕ್ಕೆ ತೊಡಕಾಗುವ ಕಲಿಕಾ ನ್ಯೂನತೆಗಿರುವ ಡಿಸ್ಲೆಕ್ಸಿಯಾ ಎಂಬ ಪದ ನಮ್ಮ ಶಾಲೆಗೆ ಬಂದಿತು. ಈಗ ಬಿ.ಇಡಿ. ತರಗತಿಯಲ್ಲಿ ಕುಳಿತಾಗ ನನಗೆ ತಿಳಿದದ್ದೇನೆಂದರೆ, 1995ರ ಕಾಯ್ದೆಯಲ್ಲಿದ್ದ 7 ಅಂಗವಿಕಲತೆಗಳ ಪಟ್ಟಿಯಲ್ಲಿ ಇಂಥ ಮಕ್ಕಳಿಗೆ ಜಾಗವೇ ಇರಲಿಲ್ಲ. 2016ರ ಕಾಯ್ದೆ ಆ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿಕೊಂಡಿತು. ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ, ಇವೆಲ್ಲ ಅದರ 17ನೆಯ ಸೆಕ್ಷನ್‌ನಲ್ಲಿವೆ. ಅಣ್ಣನ ಪಾಲಿಗೆ ಇದು ಹದಿನಾಲ್ಕು ವರ್ಷ ತುಂಬಿದ ಮೇಲೆ ಬಂದಿತು. ಮೂರನೆಯ ತರಗತಿಯಲ್ಲೇ ಬರಬೇಕಿತ್ತು ಎಂಬ ಸಂಕಟ ನನಗೆ ಇನ್ನೂ ಇದೆ.

ಪ್ರಮಾಣಪತ್ರವೊಂದರಿಂದಲೇ ಎಲ್ಲ ಆಗುವುದಿಲ್ಲ. ತರಗತಿಯೂ ಬದಲಾಗಬೇಕು. ಕನ್ನಡದ ಮೇಡಂ ಎಲ್ಲರಿಂದಲೂ ಸರದಿಯಂತೆ ಪಾಠ ಓದಿಸುತ್ತಿದ್ದರು. ಅವನ ಸರದಿಯನ್ನು ಅವರು ತಪ್ಪಿಸಲಿಲ್ಲ. ನಾಳೆ ಓದಬೇಕಾದ ಐದು ಸಾಲು ಯಾವುದೆಂದು ಹಿಂದಿನ ದಿನವೇ ಗುಟ್ಟಾಗಿ ಹೇಳಿ ಕಳುಹಿಸುತ್ತಿದ್ದರು. ಸಮಾಜ ವಿಜ್ಞಾನದ ಮೇಷ್ಟ್ರು ಬೋರ್ಡಿನಿಂದ ನಕಲು ಮಾಡುವ ಕೆಲಸದಿಂದ ಅವನನ್ನು ಬಿಡಿಸಿದರು. ಮಧ್ಯಾಹ್ನ ಊಟವಾದ ಮೇಲೆ ಅವನ ತರಗತಿಯ ಇಬ್ಬರು ಹೊಂಗೆ ಮರದ ಕೆಳಗೆ ಕುಳಿತು ಪಾಠವನ್ನು ಜೋರಾಗಿ ಓದುತ್ತಿದ್ದರು, ಅವನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಕೇಳಿದ್ದು ಮರೆಯುತ್ತಿರಲಿಲ್ಲ.

ಲಿಪಿಕಾರರು ಕೆಳಗಿನ ತರಗತಿಯವರಾಗಿರಬೇಕು ಎಂಬ ನಿಯಮದಿಂದಾಗಿ ನನ್ನ ಹೆಸರು ಬಂದಿತು. ಅಕ್ಷರ ದುಂಡಗಿದೆ ಎಂದು ಆಯ್ದುಕೊಂಡರು. ದುಂಡಗಿನ ಅಕ್ಷರ ಬರೆದರೆ ಆಯಿತು ಎಂದು ನಾನೂ ತಿಳಿದಿದ್ದೆ. ವಿಜ್ಞಾನದ ಮೇಷ್ಟ್ರು ಮೊದಲ ದಿನವೇ ಕರೆದು ಹೇಳಿದರು: "ಅವನು ತಪ್ಪು ಹೇಳಿದರೆ ತಪ್ಪನ್ನೇ ಬರೆ. ಅವನು ಸುಮ್ಮನಾದರೆ ಪೆನ್ ಎತ್ತಿಬಿಡು. ಮುಖ ಮಾತ್ರ ಸಪ್ಪೆ ಮಾಡಬೇಡ, ಅವನು ನಿನ್ನ ಮುಖವನ್ನು ಓದುತ್ತಾನೆ." ಎಲ್ಲಕ್ಕಿಂತ ಕಷ್ಟವಾದದ್ದು ಆ ಕೊನೆಯದು. ಅವನು ತಡವರಿಸಿದಾಗ ನನ್ನ ಹುಬ್ಬು ಏರುತ್ತಿತ್ತು, ತಕ್ಷಣ ಅವನು ಸರಿಯಾಗಿದ್ದ ಉತ್ತರವನ್ನೂ ಅಳಿಸಲು ಹೇಳುತ್ತಿದ್ದ.

ಫೆಬ್ರವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ವಿದ್ಯುತ್ ಮೋಟಾರಿನ ಚಿತ್ರ ಬರೆದು ವಿವರಿಸುವ ಪ್ರಶ್ನೆ ಇತ್ತು. ಪ್ರಶ್ನೆ ಓದಿ ಹೇಳಿದೆ. ಅವನು ಪೆನ್ಸಿಲ್ ಕೇಳಿದ. ಚಿತ್ರ ಲಿಪಿಕಾರಳ ಕೆಲಸವಲ್ಲ ಎಂಬಂತೆ ಹಾಳೆಯನ್ನು ತನ್ನತ್ತ ತಿರುಗಿಸಿಕೊಂಡು ಸುರುಳಿ, ಎರಡು ಅರ್ಧ ಉಂಗುರ, ಎರಡು ಬ್ರಷ್, ಕಾಂತದ ಧ್ರುವಗಳನ್ನು ಎಳೆದ. ಪುಸ್ತಕದ ಚಿತ್ರಕ್ಕಿಂತ ಚೆನ್ನಾಗಿತ್ತು. ನಂತರ ವಿವರಣೆ ಹೇಳತೊಡಗಿದ. ಅರ್ಧ ಸುತ್ತಿಗೊಮ್ಮೆ ಸುರುಳಿಯಲ್ಲಿ ವಿದ್ಯುತ್ತಿನ ದಿಕ್ಕು ಬದಲಾಗದಿದ್ದರೆ ಅದು ಒಂದೇ ಕಡೆಗೆ ತಿರುಗದು ಎಂದು, ಅಂಗಡಿಗೆ ಬಂದ ಗಿರಾಕಿಗೆ ಹೇಳುವಷ್ಟು ಸರಾಗವಾಗಿ ಹೇಳಿ, ಆ ಕೆಲಸ ಮಾಡುವುದು 'ಕಮ್ಯುಟೇಟರ್' ಎಂದ. ನಮ್ಮ ಪಾಠದಲ್ಲಿ ಇದ್ದದ್ದು 'ದಿಕ್ಪರಿವರ್ತಕ'. ಎರಡು ಕಡೆ ಒತ್ತು, ಅದರಲ್ಲೊಂದು ಅರ್ಕಾವೊತ್ತು. ನನ್ನ ಪೆನ್ನಿನ ತುದಿಗೆ ಆ ಪದ ಬಂದಿತ್ತು. ಒಂದು ಕ್ಷಣ ತಡೆದೆ. ಅವನು ನನ್ನ ಮುಖ ನೋಡುತ್ತಿದ್ದ. 'ಕಮ್ಯುಟೇಟರ್' ಎಂದೇ ಬರೆದೆ. ಮನೆಗೆ ಹೋಗಿ ಅಮ್ಮನ ಹತ್ತಿರ ಅತ್ತೆ, ಅವನ ಅಂಕ ನನ್ನಿಂದ ಹೋಯಿತು ಎಂದು. ಉತ್ತರ ಪತ್ರಿಕೆ ಕೊಟ್ಟಾಗ ನೋಡಿದರೆ ಆ ಪ್ರಶ್ನೆಗೆ ಪೂರ್ಣ ಅಂಕ. ಅಣ್ಣ ಹಾಳೆಯನ್ನು ನನ್ನ ಮುಂದಿಟ್ಟು, "ನೀನು ಬೇರೆ ಪದ ಬರೆದಿದ್ದರೆ ಈ ಅಂಕ ನನ್ನದಾಗುತ್ತಿರಲಿಲ್ಲ" ಎಂದ.

ಮಾರ್ಚ್‌ನ ಪರೀಕ್ಷೆಗಳು ನಡೆದವು. ಪ್ರತಿದಿನ ಅವನು ತನ್ನ ಕೈಯಿಂದ ಬರೆಯಬೇಕಾದ ಅಕ್ಷರಗಳೆಂದರೆ ಸಹಿ ಮಾತ್ರ. ಅವನ ಹೆಸರಿನಲ್ಲಿ ಎರಡು ಒತ್ತಕ್ಷರಗಳಿವೆ. ಒಂದು ದಿನ ಅವಸರದಲ್ಲಿದ್ದ ಮೇಲ್ವಿಚಾರಕರು "ಇದನ್ನೂ ಅವಳೇ ಬರೆಯಲಿ" ಎಂದರು. ಅಣ್ಣ ಪೆನ್ ಕೊಡಲಿಲ್ಲ. ಬರೆದು ಮುಗಿಯುವವರೆಗೂ ನಾನು ಕಿಟಕಿಯ ಕಡೆ ನೋಡುತ್ತ ಕುಳಿತೆ.

ಅವನು ಪಾಸಾಗಿ ಐಟಿಐ ಸೇರಿದ. ಈಗ ಅಂಗಡಿ ಅವನದೇ. ನನಗೆ ಅವನಿಂದ ಬರುವುದೆಲ್ಲ ಧ್ವನಿ ಸಂದೇಶಗಳು.

ಈ ವರ್ಷ ಒಂಬತ್ತನೆಯ ತರಗತಿಯಲ್ಲಿ ಯಾರಾದರೂ ಲಿಪಿಕಾರರಾಗುವವರಿದ್ದರೆ, ಫೆಬ್ರವರಿಯವರೆಗೆ ಕಾಯಬೇಡಿ. ದಸರಾ ರಜೆ ಮುಗಿದ ಕೂಡಲೇ ಅವರ ಜೊತೆ ಕುಳಿತುಕೊಳ್ಳಿ. ಪ್ರಶ್ನೆಯನ್ನು ಎರಡು ಸಲ ಓದಿ ಹೇಳಿ, ಎರಡನೆಯ ಸಲ ಇನ್ನೂ ನಿಧಾನವಾಗಿ. ಬರೆದದ್ದನ್ನು ಪ್ರತಿ ಉತ್ತರದ ಕೊನೆಗೆ ಅವರಿಗೆ ಓದಿ ಕೇಳಿಸಿ. ಚಿತ್ರಕ್ಕೆ ಚೂಪು ಮಾಡಿದ ಪೆನ್ಸಿಲ್ ಒಂದನ್ನು ಅವರ ಬಲಗೈ ಪಕ್ಕದಲ್ಲಿ ಇಟ್ಟಿರಿ.