ಜೀರಿಗೆ ಚೀಸ್: ಫ್ರಿಜ್‌ನಿಂದ ತೆಗೆದ ಕೂಡಲೇ ತಿನ್ನಬೇಡಿ

ಜೀರಿಗೆ ಹಾಕಿದ ಗೌಡಾ ಚೀಸನ್ನು (ಇದು ನೆದರ್‌ಲೆಂಡ್ಸ್ ಮೂಲದ ಒಂದು ಬಗೆಯ ಚೀಸ್) ತಣ್ಣಗಿದ್ದಾಗಲೇ ಬಾಯಿಗೆ ಹಾಕಿಕೊಂಡರೆ ರಬ್ಬರ್ ಜಗಿದ ಹಾಗೆ. ಕೊಬ್ಬು ಗಟ್ಟಿಯಾಗಿರುವುದರಿಂದ ಜೀರಿಗೆಯ ಘಮವೂ ಏಳುವುದಿಲ್ಲ. ಬೇಕಾದಷ್ಟೇ ಕತ್ತರಿಸಿ, ಮುಚ್ಚಿ, 30–45 ನಿಮಿಷ ಹೊರಗಿಡಿ. ಮೇಲಿನ ಮೇಣದ ಸಿಪ್ಪೆ ತಿನ್ನುವುದಕ್ಕಲ್ಲ, ತೆಗೆದುಬಿಡಿ. ಹೋಳು 2–3 ಮಿಲಿಮೀಟರ್ ದಪ್ಪವಿರಲಿ; ತೀರಾ ತೆಳುವಾದರೆ ಕಾಳು ಚಾಕುವಿಗೆ ಸಿಕ್ಕಿ ಹೋಳೇ ಹರಿಯುತ್ತದೆ.

ಕರಗಿಸುವುದಾದರೆ ತುರಿದುಕೊಳ್ಳಿ, ಉರಿ ಸಣ್ಣದಿರಲಿ. ಉರಿ ಜಾಸ್ತಿಯಾದರೆ ಪ್ರೋಟೀನ್ ಬಿಗಿದುಕೊಂಡು ಎಣ್ಣೆ ಬಿಡುತ್ತದೆ. ಆಮೇಲೆ ಎಷ್ಟು ಕಲಕಿದರೂ ಕೂಡಿಕೊಳ್ಳುವುದು ಕಷ್ಟ. ನೆದರ್‌ಲೆಂಡ್ಸ್‌ನ ಲೈಡನ್ ಚೀಸಿಗೂ ಜೀರಿಗೆಯೇ ಜೀವ. ಆದರೆ ಅದು ಕೆನೆ ತೆಗೆದ ಹಾಲಿನದು, ಹಾಗಾಗಿ ಒಣ ಒಣ. ಕರಗಿಸಲು ಗೌಡಾವೇ ವಾಸಿ.

ಉಳಿದದ್ದನ್ನು ಬಟರ್ ಪೇಪರ್‌ನಲ್ಲಿ ಸುತ್ತಿ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಪಕ್ಕದ ಬೆಣ್ಣೆಗೂ ಜೀರಿಗೆ ವಾಸನೆ!