ಪೂರ್ತಿ ಒಂದು ನಿಮಿಷ

ಮ್ಯಾಗಜಿನ್‌ಗೆ ಏನಾದರೂ ಬರೆದುಕೊಡು ಅಂತ ನಾನು ಓದಿದ ನರ್ಸಿಂಗ್ ಕಾಲೇಜಿನಿಂದ ಫೋನ್ ಬಂದಾಗ ನನಗೆ ಮೊದಲು ನೆನಪಾಗಿದ್ದು ಒಂದನೇ ವರ್ಷದ ಲ್ಯಾಬು, ಸೆಕೆಂಡ್ ಮುಳ್ಳಿನ ವಾಚು ಕಟ್ಟಿಕೊಂಡು ನಿಂತಿರುತ್ತಿದ್ದ ನರ್ಸಿಂಗಿನ ಮೊದಲ ಪಾಠ ಹೇಳಿಕೊಡುತ್ತಿದ್ದ ನಮ್ಮ ಫಂಡಮೆಂಟಲ್ಸ್ ಮೇಡಂ. ಉಸಿರು ಎಣಿಸೋದನ್ನು ಕಲಿಸಿದ್ದು ಅವರು. ಎಣಿಸುತ್ತಿದ್ದೇವೆ ಅಂತ ಪೇಷೆಂಟಿಗೆ ಗೊತ್ತಾಗಬಾರದು, ಗೊತ್ತಾದರೆ ಉಸಿರಾಟವೇ ಬದಲಾಗಿಬಿಡುತ್ತದೆ. ಅದಕ್ಕೆ ನಾಡಿ ನೋಡುವ ಹಾಗೆ ಮಣಿಕಟ್ಟು ಹಿಡಿದುಕೊಂಡೇ ಎದೆ ಏರಿಳಿಯೋದನ್ನು ಗಮನಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ರೆಕಾರ್ಡ್ ಬುಕ್ ವಾಪಸ್ ಬರುತ್ತಿತ್ತು. ಪೂರ್ತಿ ಒಂದು ನಿಮಿಷ ಎಣಿಸಲೇಬೇಕು. ಯಾಕಿಷ್ಟು ಹಟ ಅಂತ ಆಗ ಅನ್ನಿಸುತ್ತಿತ್ತು.

2020ರ ಆಗಸ್ಟ್‌ನಲ್ಲಿ ಶಿವಮೊಗ್ಗದ ಕೋವಿಡ್ ವಾರ್ಡಿನಲ್ಲಿ ನನಗೆ ಡ್ಯೂಟಿ. ಪಿಪಿಇ ಕಿಟ್ ಹಾಕಿಕೊಂಡರೆ ಆರು ಗಂಟೆ ನೀರಿಲ್ಲ, ಬಾತ್‌ರೂಮ್ ಇಲ್ಲ, ಕನ್ನಡಕದ ತುಂಬಾ ಮಂಜು. ಹಾಕೋದಕ್ಕಿಂತ ಬಿಚ್ಚೋದಕ್ಕೇ ಜಾಸ್ತಿ ಹುಷಾರು ಬೇಕು. ಮೊದಲು ಗ್ಲೌಸು, ಕೊನೆಗೆ ಎನ್-95 ಮಾಸ್ಕು, ನಡುವೆ ಒಂದೊಂದು ಸಲವೂ ಕೈಗೆ ಸ್ಯಾನಿಟೈಸರ್. ಸುಸ್ತಾದಾಗಲೇ ತಪ್ಪಾಗೋದು ಅಲ್ವಾ, ಹಾಗಾಗಿ ಒಬ್ಬಳು ಬಿಚ್ಚುವಾಗ ಇನ್ನೊಬ್ಬಳು ಎದುರಿಗೆ ನಿಂತು ಜೋರಾಗಿ ಹೇಳಿಕೊಡುತ್ತಿದ್ದಳು.

ಆಶ್ಲೇಷ ಮಳೆ ಹಿಡಿದ ಒಂದು ರಾತ್ರಿ ತೀರ್ಥಹಳ್ಳಿ ಕಡೆಯ ಒಬ್ಬರು ಅಜ್ಜಿಯ ಬೆರಳಿಗೆ ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಹಾಕಿದೆ. 84 ತೋರಿಸಿತು. ನನ್ನ ಜೀವ ಬಾಯಿಗೆ ಬಂತು. ಅಜ್ಜಿಯ ಬೆರಳು ಮುಟ್ಟಿ ನೋಡಿದರೆ ಮಂಜುಗಡ್ಡೆ! ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ ಆ ಯಂತ್ರ ಸರಿಯಾಗಿ ಓದೋದಿಲ್ಲ. ಮಣಿಕಟ್ಟು ಹಿಡಿದು ಉಸಿರು ಎಣಿಸಿದೆ. ಹದಿನೆಂಟು. ಕೈ ತಿಕ್ಕಿ ಬೆಚ್ಚಗೆ ಮಾಡಿ ಮತ್ತೆ ಹಾಕಿದರೆ 96. ಅದೇ ವಾರ್ಡಿನಲ್ಲಿ ಇನ್ನೊಬ್ಬರು, ನಲವತ್ತು ದಾಟಿದವರು, ರೀಡಿಂಗ್ 95 ಇತ್ತು, ಫೋನಿನಲ್ಲಿ ಅಡಿಕೆ ರೇಟು ಮಾತಾಡುತ್ತಾ "ನಂಗೇನಾಗಿಲ್ಲ ಸಿಸ್ಟರ್" ಅಂದರು. ಆದರೆ ಎರಡು ಮಾತಿಗೊಮ್ಮೆ ನಿಲ್ಲಿಸುತ್ತಿದ್ದರು. ಎಣಿಸಿದೆ, ಇಪ್ಪತ್ತೆಂಟು. ದೊಡ್ಡವರಿಗೆ ಹನ್ನೆರಡರಿಂದ ಇಪ್ಪತ್ತು ಸರಿ, ಇಪ್ಪತ್ನಾಲ್ಕು ದಾಟಿದರೆ ಡಾಕ್ಟರಿಗೆ ಹೇಳಲೇಬೇಕು. ತಕ್ಷಣ ಹೇಳಿದೆ. ಬೆಳಿಗ್ಗೆ ಹೊತ್ತಿಗೆ ಅವರಿಗೆ ಆಕ್ಸಿಜನ್ ಬೇಕಾಯಿತು. ನಾವು ಅವರನ್ನು ಕವುಚಿ ಮಲಗಿಸಿದೆವು, ಎದೆಗೆ, ಸೊಂಟದ ಕೆಳಗೆ ದಿಂಬು ಕೊಟ್ಟು. ಹಾಗೆ ಮಲಗಿದರೆ ಶ್ವಾಸಕೋಶದ ಹಿಂಭಾಗ ಬಿಚ್ಚಿಕೊಂಡು ಗಾಳಿ ಆಡುತ್ತದೆ. ಹದಿಮೂರು ದಿನ ಆದಮೇಲೆ ಮನೆಗೆ ನಡೆದುಕೊಂಡೇ ಹೋದರು.

ಯಂತ್ರ ಬೇಡ ಅಂತ ನಾನು ಹೇಳುತ್ತಿಲ್ಲ. ಯಂತ್ರ ಹೇಳಿದ್ದು ನಿಜವಾ ಅಂತ ನೋಡೋಕೆ ಮಂಚದ ಪಕ್ಕ ಒಬ್ಬರು ನಿಂತಿರಬೇಕು, ಆ ಕೆಲಸ ನರ್ಸಿನದು. ನಮ್ಮ ವಾರ್ಡಿನ ಹಿರಿಯ ಸಿಸ್ಟರ್ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಮಂಗನ ಕಾಯಿಲೆ ಹಬ್ಬಿದಾಗ ಜ್ವರದವರನ್ನು ನೋಡಿಕೊಂಡವರು. ಚಾರ್ಟು ತೆಗೆಯುವ ಮೊದಲೇ ಅವರು ಪೇಷೆಂಟಿನ ಮುಖ, ತುಟಿ, ಕತ್ತಿನ ಸ್ನಾಯು ನೋಡಿ ಮುಗಿಸಿರುತ್ತಿದ್ದರು. ಅವರ ಹಿಂದೆ ಸುತ್ತಿ ನಾನು ಕಲಿತದ್ದು ಬಹಳ.

ಆ ಅಜ್ಜಿಯ ಮನೆಯವರು ಯಾರೂ ಒಳಗೆ ಬರುವ ಹಾಗಿರಲಿಲ್ಲ. ಮುಖ ಕಾಣದ ಬಿಳಿ ಅಂಗಿಯವರೇ ಸುತ್ತ. ನನ್ನ ಹೆಸರನ್ನು ಗೌನಿನ ಮೇಲೆ ಮಾರ್ಕರ್‌ನಲ್ಲಿ ಬರೆದುಕೊಂಡಿದ್ದೆ, ಆದರೆ ಅವರಿಗೆ ಓದೋಕೆ ಬರುತ್ತಿರಲಿಲ್ಲ. ನಾಲ್ಕನೇ ರಾತ್ರಿ ಎರಡು ಗಂಟೆಗೆ ಹೋದಾಗ ಎಚ್ಚರವಾಗಿಯೇ ಇದ್ದರು. ನಾನು ಏನೂ ಕೇಳುವ ಮೊದಲೇ ಕಂಬಳಿಯಿಂದ ಕೈ ಹೊರಗೆ ಚಾಚಿದರು.

"ನಾಡಿ ನೋಡ್ತೀಯಲ್ಲ ಮಗಾ, ನೋಡು. ಅರ್ಜೆಂಟ್ ಏನಿಲ್ಲ, ನಿಧಾನ ನೋಡು."

ಎಣಿಸಿ ಮುಗಿದಿತ್ತು. ಇನ್ನೂ ಒಂದು ನಿಮಿಷ ಹಾಗೇ ಹಿಡಿದುಕೊಂಡು ನಿಂತಿದ್ದೆ.